ಕಾರ್ಫ್ ಕೋಟೆ ಮಳೆ ಗಾಳಿಗೆ ಬಿದ್ದದ್ದಲ್ಲ

ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿರುವ ಕಾರ್ಫ್ ಕೋಟೆಯ ಫೋಟೋ ಈಗ ಎಲ್ಲ ಕಡೆ ಓಡಾಡುತ್ತಿದೆ. ‘900 ವರ್ಷದ ಮಳೆ ಗಾಳಿಗೆ ವಾಲಿ ನಿಂತ ನಾರ್ಮನ್ ಕೋಟೆ’ ಅನ್ನೋ ಸಾಲೂ ಜೊತೆಗಿದೆ. ನಾರ್ಮನ್ ಕೋಟೆ, ಅಂದ್ರೆ ಫ್ರಾನ್ಸಿನ ಉತ್ತರದಿಂದ ಬಂದು ಇಂಗ್ಲೆಂಡ್ ಗೆದ್ದವರ ಕಾಲದ ಕೋಟೆ ಅನ್ನೋದು ನಿಜ. ಮಳೆ ಗಾಳಿಯ ಮಾತು ಸುಳ್ಳು.

ಗುಡ್ಡದ ತುದಿಯ ಎತ್ತರದ ಗೋಪುರವನ್ನು 12ನೇ ಶತಮಾನದ ಮೊದಲಲ್ಲಿ ಒಂದನೇ ಹೆನ್ರಿ ದೊರೆ ಕಟ್ಟಿಸಿದ. ಅಲ್ಲೇ ಸಿಗುವ ಪರ್ಬೆಕ್ ಸುಣ್ಣಕಲ್ಲು, ದಪ್ಪ ಗೋಡೆ, ಸುಮಾರು 21 ಮೀಟರ್ ಎತ್ತರ. ಇಂಥದ್ದು ಸುಮ್ನೆ ಮಳೆಗೆ ವಾಲುತ್ತಾ?

17ನೇ ಶತಮಾನದಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ಇದು ರಾಜನ ಪಕ್ಷದ ಬ್ಯಾಂಕ್ಸ್ ಮನೆತನದ ಕೈಯಲ್ಲಿತ್ತು. 1643ರಲ್ಲಿ ಪಾರ್ಲಿಮೆಂಟ್ ಪಡೆ ಮುತ್ತಿಗೆ ಹಾಕಿದಾಗ ಮನೆಯೊಡತಿ ಮೇರಿ ಬ್ಯಾಂಕ್ಸ್ ಕೆಲವೇ ಜನರನ್ನು ಇಟ್ಟುಕೊಂಡು ಕೋಟೆ ಉಳಿಸಿಕೊಂಡಳು. ಎರಡನೇ ಮುತ್ತಿಗೆಯಲ್ಲೂ ಗೋಡೆ ಸೋಲಲಿಲ್ಲ, ಸೋತದ್ದು ನಂಬಿಕೆ. 1646ರಲ್ಲಿ ಒಳಗಿನ ಅಧಿಕಾರಿಯೊಬ್ಬ, ಪಿಟ್‌ಮನ್, ಸಹಾಯಕ್ಕೆ ಬಂದ ಪಡೆ ಅಂತ ಹೇಳಿ ಶತ್ರುಗಳನ್ನೇ ಒಳಗೆ ಬಿಟ್ಟ.

ಗೆದ್ದ ಮೇಲೆ ಕೋಟೆಯನ್ನು ಕೆಡವಿಬಿಡಿ ಎಂದು ಪಾರ್ಲಿಮೆಂಟ್ ತೀರ್ಮಾನಿಸಿತು. ಬುಡ ಅಗೆದು ಮದ್ದು ತುಂಬಿ ಸಿಡಿಸಿದರು. ಫೋಟೋದಲ್ಲಿ ಕಾಣುವ ವಾಲಿದ ಬುರುಜುಗಳು, ಸೀಳಿದ ಗೋಡೆಗಳು ಆ ಕೆಲಸದ ಗುರುತು. ಬಿದ್ದ ಕಲ್ಲು ಜಾಸ್ತಿ ದಿನ ಅಲ್ಲಿ ಉಳಿಯಲಿಲ್ಲ. ಕೆಳಗಿನ ಊರಿನವರು ಹೊತ್ತೊಯ್ದು ಮನೆ ಕಟ್ಟಿಕೊಂಡರು.

ಇನ್ನೊಂದು ಮಾತೂ ಹರಿದಾಡುತ್ತಿದೆ: ನಾರ್ಮನ್ನರಿಗಿಂತ ಮೊದಲು ಇಂಗ್ಲೆಂಡ್ ಆಳಿದ ಎಡ್ವರ್ಡ್ ದೊರೆಯ ಕೊಲೆ ಆದದ್ದು ಇದೇ ಗೋಪುರದಲ್ಲಂತೆ. ಆ ಕೊಲೆ ಕಾರ್ಫ್‌ನಲ್ಲೇ ಆಯಿತು, ಆದರೆ 978ರಲ್ಲಿ. ನಾರ್ಮನ್ನರು ಇಂಗ್ಲೆಂಡಿಗೆ ಬಂದದ್ದೇ 1066ರಲ್ಲಿ, ಅಲ್ವಾ?