ಪಾನಕಕ್ಕೆ ಹುಡುಗರು, ಚೆಕ್ಕಿಗೆ ಹಿರಿಯರು

ಲಂಡನ್ನಿನ ಒಂದು ದೇವಸ್ಥಾನದ ಅನ್ನದಾನ ಸಮಿತಿ ಸಭೆ. ವರ್ಷದ ಲೆಕ್ಕ ಒಪ್ಪಿಸಲು ಎದ್ದವಳು ಆಗಷ್ಟೇ ಕಾಲೇಜು ಮುಗಿಸಿದ ಹುಡುಗಿ. ಖಜಾಂಚಿ ಪಕ್ಕದಲ್ಲೇ ಕೂತಿದ್ದರು, ತುಟಿಪಿಟಕ್ಕೆನ್ನಲಿಲ್ಲ. ನಮ್ಮ ಬಸವನಗುಡಿ, ಮಲ್ಲೇಶ್ವರದ ಟ್ರಸ್ಟುಗಳಲ್ಲಿ ಇದು ನಡೆದೀತೆ? ರಾಮನವಮಿಗೆ ಪಾನಕ ಹಂಚಲು, ಪಂಕ್ತಿಗೆ ಬಡಿಸಲು, ಎಲೆ ಎತ್ತಲು ಹುಡುಗರು ಬೇಕು. ಪಾಸ್‌ಬುಕ್ ಮಾತ್ರ ಖಜಾಂಚಿ ರಾಯರ ಮನೆ ಬೀರುವಿನಲ್ಲೇ ಇರಬೇಕು.

ಲಂಡನ್ನಿನವರ ಕ್ರಮದಲ್ಲಿ ಗುಟ್ಟೇನಿಲ್ಲ. ಹೊಸಬರು ಒಂದು ವರ್ಷ ಖಜಾಂಚಿಯ ಜೊತೆ ಕೂತು ಹುಂಡಿ ಎಣಿಕೆ, ರಸೀದಿ, ಬ್ಯಾಂಕ್ ತಾಳೆ ಕಲಿಯುತ್ತಾರೆ. ಮರುವರ್ಷ ಕೆಲಸ ಅವರದು, ಅವರು ಕೇಳಿದರಷ್ಟೇ ಹಳಬರು ಬಾಯಿ ಬಿಡಬೇಕು. ಕಂಪನಿಯಾಗಿ ನೋಂದಾಯಿಸಿದ ಧರ್ಮಸಂಸ್ಥೆಗೆ ಇಂಗ್ಲೆಂಡಿನಲ್ಲಿ 16 ತುಂಬಿದವರೂ ಟ್ರಸ್ಟಿ ಆಗಬಹುದು.

ನಮ್ಮಲ್ಲಿ ಆದಾಯ ತೆರಿಗೆ ಪೋರ್ಟಲ್ಲಿನ ಓಟಿಪಿ ಹೋಗುವುದು ಖಜಾಂಚಿಯ ಸ್ವಂತ ಮೊಬೈಲಿಗೆ. ಅವರು ತೀರಿಕೊಂಡ ಮೇಲೆ ಮನೆಯವರು ರೀಚಾರ್ಜ್ ಮಾಡಿಸುವುದಿಲ್ಲ, ನಂಬರ್ ಹೋಗುತ್ತದೆ. ಖಾತೆ ಜಂಟಿ ಸಹಿಯದು, ಉಳಿದ ಒಂದು ಸಹಿಗೆ ಬ್ಯಾಂಕ್ ಒಪ್ಪುವುದಿಲ್ಲ. ಹೊಸ ಠರಾವು ಬೇಕು, ಠರಾವಿಗೆ ಕೋರಂ ಬೇಕು, ಕೋರಂಗೆ ಬೇಕಾದವರೊಬ್ಬರು ಮಂಡಿನೋವಿನಿಂದ ಮಹಡಿ ಹತ್ತಲಾರರು. ಅಷ್ಟರಲ್ಲಿ ದೇಣಿಗೆ ವಿವರ ಸಲ್ಲಿಸುವ ಮೇ 31 ದಾಟಿರುತ್ತದೆ, ದಿನಕ್ಕೆ 200 ರೂಪಾಯಿ ತಡಶುಲ್ಕ. ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ಮಾನ್ಯತೆ ಐದು ವರ್ಷದ್ದು, ಮುಗಿಯುವ ಆರು ತಿಂಗಳ ಮುಂಚೆಯೇ ಅರ್ಜಿ ಹಾಕಬೇಕು. ಆ ತಾರೀಖು ಗೊತ್ತಿದ್ದವರು ತೀರಿಕೊಂಡ ಖಜಾಂಚಿ ಒಬ್ಬರೇ.

ಮಠಗಳಿಗೆ ಈ ವಿವೇಕ ಇದೆ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ 2019ರಲ್ಲಿ, 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ ಮುಂದೆ ಯಾರು ಎಂದು ಯಾರೂ ಕೇಳಬೇಕಾಗಲಿಲ್ಲ. ಉತ್ತರಾಧಿಕಾರಿಯನ್ನು ದಶಕಗಳ ಹಿಂದೆಯೇ ಆರಿಸಿಟ್ಟಿದ್ದರು. ಬೆಂಗಳೂರಿನಿಂದ ಎಪ್ಪತ್ತು ಕಿಲೋಮೀಟರು ದೂರದ ಪಾಠ, ನಮ್ಮ ಟ್ರಸ್ಟಿಗಳಿಗೆ ಇನ್ನೂ ತಲುಪಿಲ್ಲ.

ಆದರೂ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಇನ್ನೂರು ಎಲೆಗೆ ಅಡುಗೆ ಮಾಡಿ ಮುನ್ನೂರು ಜನ ಬಂದರೆ ಲಂಡನ್ನಿನವರು ಫಾರಂ ಹುಡುಕುತ್ತಾರೆ. ನಮ್ಮ ಹುಡುಗ ಉಗ್ರಾಣಕ್ಕೆ ಓಡುತ್ತಾನೆ: ನೂರು ಎಲೆಗೆ ಹತ್ತು ಕೆಜಿ ಅಕ್ಕಿ, ಮೂರು ಕೆಜಿ ತೊಗರಿಬೇಳೆ ಎಂಬ ಲೆಕ್ಕ ಅವನಿಗೆ ಬಾಯಿಪಾಠ. ಅನ್ನ ಬೇಯುವವರೆಗೆ ಕೋಸಂಬರಿ, ಪಾಯಸ ಬಡಿಸಿ ಪಂಕ್ತಿಯನ್ನು ಹಿಡಿದಿಡುವುದೂ ಗೊತ್ತು. ಭಟ್ಟರ ಬೈಗುಳ ತಿಂದು ಕಲಿತ ವಿದ್ಯೆ ಅದು, ಲಂಡನ್ನಿನಲ್ಲಿ ಯಾವ ತರಬೇತಿಯಲ್ಲೂ ಸಿಕ್ಕದು.

ಉಗ್ರಾಣದ ಬೀಗದಕೈ ನಂಬಿ ಕೊಟ್ಟ ಆ ಹುಡುಗನನ್ನು ಸಹಿದಾರನನ್ನಾಗಿ ಮಾಡಲು ಒಂದು ಠರಾವು, ಅವನ ಕೆವೈಸಿ, ಹಿರಿಯರ ಸಹಿ ಇದ್ದರೆ ಆಯಿತು. ಕೇಳಿದರೆ, 'ಯುಗಾದಿ ಕಳೀಲಿ, ನೋಡೋಣ' ಅನ್ನುತ್ತಾರೆ.