ಹತ್ತು ಜಾಗ ಬೇಡ, ಒಂದೇ ಊರು ಸಾಕು

ಹೋಮ್‌ಸ್ಕೂಲಿಂಗ್ ಮಾಡ್ತಿರೋ ಅಪ್ಪ ಅಮ್ಮಂದಿರ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡೋ ಟ್ರಿಪ್ ಪ್ಲಾನ್‌ಗಳನ್ನ ನೋಡಿದ್ರೆ ನಂಗೆ ನಿಜವಾಗ್ಲೂ ಬೇಜಾರಾಗುತ್ತೆ, ಅದಕ್ಕೇ ಇಷ್ಟುದ್ದ ಬರೀತಿದೀನಿ. ಬೆಳಿಗ್ಗೆ ಬಾದಾಮಿ, ಮಧ್ಯಾಹ್ನ ಪಟ್ಟದಕಲ್ಲು, ಸಂಜೆ ಐಹೊಳೆ, ರಾತ್ರಿ ಟಿಟಿಯಲ್ಲೇ (ಟೆಂಪೋ ಟ್ರಾವೆಲರ್) ನಿದ್ದೆ, ಮಾರನೇ ದಿನ ಗೋಲಗುಂಬಜ್. ಜೊತೆಗೆ ಮಕ್ಕಳ ಕೈಗೊಂದು ವರ್ಕ್‌ಶೀಟು. ಇದನ್ನೇ ಮಾಡೋದಾದ್ರೆ ಸ್ಕೂಲ್ ಬಿಡಿಸಿದ್ದು ಯಾಕೆ? ಸ್ಕೂಲಿನವರಿಗೆ ಬೇರೆ ದಾರಿ ಇಲ್ಲ, ಅಷ್ಟೊಂದು ಮಕ್ಕಳು, ಇರೋದು ಎರಡೇ ದಿನ, ಮೇಲೆ ಬಸ್ಸಿನ ಬಾಡಿಗೆ. ನಮಗೆ ಹಾಗಲ್ಲ. ದಸರಾ ರಜಕ್ಕೇ ಹೋಗ್ಬೇಕು ಅಂತಿಲ್ಲ, ಭಾನುವಾರ ವಾಪಸ್ ಬರ್ಲೇಬೇಕು ಅಂತಿಲ್ಲ.

ನಾನು ಹೇಳೋದು ಇಷ್ಟೇ, ನಾಲ್ಕೈದು ಮನೆಯವರು ಸೇರಿ ಒಂದು ಊರಿಗೆ ಹೋಗಿ, ಒಂದು ವಾರ ಅಲ್ಲೇ ಇರಿ.

ಬಾದಾಮಿನೇ ತಗೊಳ್ಳಿ. ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶನ ಶಾಸನ ಇದೆ, ಶಕ 500, ಅಂದ್ರೆ ಕ್ರಿ.ಶ. 578. ಗೈಡ್ ಇದನ್ನ ಒಂದೇ ಉಸಿರಿಗೆ ಹೇಳಿ ಮುಂದಕ್ಕೆ ಹೋಗ್ತಾರೆ. ಅದೇ ಮಾರನೇ ದಿನ ಮತ್ತೆ ಅಲ್ಲಿಗೇ ಹೋದ್ರೆ, ಈ ಶಕ ವರ್ಷಕ್ಕೆ 78 ಯಾಕೆ ಕೂಡಿಸ್ಬೇಕು ಅಂತ ಮಗುನೇ ಕೇಳುತ್ತೆ. ಕೆರೆ ಹತ್ರದ ಬಂಡೆ ಮೇಲೆ ಕಪ್ಪೆ ಅರಭಟ್ಟನ ಶಾಸನ, "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಅಂತ ತ್ರಿಪದಿಯಲ್ಲಿ ಬರೆದಿರೋದು. ಅದರ ಮುಂದೆ ಕೂತು ಜೋರಾಗಿ ಓದಿಸಿ ನೋಡಿ, ಅಷ್ಟು ಹಳೇ ಕನ್ನಡ ಅರ್ಧಂಬರ್ಧ ಆದ್ರೂ ನಮಗೆ ಅರ್ಥ ಆಗುತ್ತಲ್ಲ ಅಂತ ದೊಡ್ಡೋರಿಗೇ ಮೈ ಜುಮ್ ಅನ್ಸುತ್ತೆ.

ಬಾದಾಮಿಯಲ್ಲೇ ಉಳ್ಕೊಂಡು ಹತ್ರದ ಪಟ್ಟದಕಲ್ಲಿಗೆ ಒಂದಿಡೀ ದಿನ ಕೊಡಿ. ಮಕ್ಕಳಿಗೆ ಮೊದ್ಲು ಏನೂ ಹೇಳ್ಬೇಡಿ, ಶಿಖರ ನೋಡ್ಕೊಂಡು ಗುಡಿಗಳನ್ನ ಎರಡು ಗುಂಪು ಮಾಡಿ ಅನ್ನಿ ಸಾಕು. ಗಳಗನಾಥ, ಕಾಶಿ ವಿಶ್ವನಾಥ, ಪಾಪನಾಥ ಒಂದು ಕಡೆ, ವಿರೂಪಾಕ್ಷ, ಮಲ್ಲಿಕಾರ್ಜುನ, ಸಂಗಮೇಶ್ವರ ಇನ್ನೊಂದು ಕಡೆ ಅಂತ ಎಂಟು ವರ್ಷದವರೂ ಕಣ್ಣಳತೆಯಲ್ಲೇ ಹೇಳ್ತಾರೆ. ಮೊದಲನೇದು ಉತ್ತರದ ನಾಗರ ಶೈಲಿ, ಎರಡನೇದು ದಕ್ಷಿಣದ ದ್ರಾವಿಡ ಶೈಲಿ ಅನ್ನೋ ಹೆಸರೆಲ್ಲ ಆಮೇಲೆ. ವಿರೂಪಾಕ್ಷ ಗುಡಿ ಕಟ್ಸಿದ್ದು ಚಾಲುಕ್ಯರ ರಾಣಿ ಲೋಕಮಹಾದೇವಿ, ಗಂಡ ಎರಡನೇ ವಿಕ್ರಮಾದಿತ್ಯ ಪಲ್ಲವರ ರಾಜಧಾನಿ ಕಂಚಿ ಗೆದ್ದಿದ್ದರ ನೆನಪಿಗೆ. ಆ ವಿಕ್ರಮಾದಿತ್ಯ ಕಂಚಿಯ ದೇವಸ್ಥಾನದ ಸೊತ್ತನ್ನ ಲೂಟಿ ಮಾಡ್ದೆ ದೇವರಿಗೇ ಬಿಟ್ಟುಕೊಟ್ಟ ಅಂತ ಕಂಚಿಯಲ್ಲೇ ಕನ್ನಡ ಶಾಸನ ಇದೆ. ಗೆದ್ದೋನು ಯಾಕೆ ಬಿಟ್ಟ ಅನ್ನೋ ಪ್ರಶ್ನೆ ಮೇಲೆ ನಮ್ಮ ಮಕ್ಕಳು ಊಟದ ಹೊತ್ತಲ್ಲೂ ಜಗಳ ಆಡಿದ್ರು, ಹದಿನಾಲ್ಕರ ಹುಡುಗ ಒಂದು ಕಡೆ, ಒಂಬತ್ತರ ಹುಡುಗಿ ಇನ್ನೊಂದು ಕಡೆ. "ಮನೇಲಿ ಓದೋ ಮಕ್ಕಳು ಬೆರೆಯೋದು ಕಲಿಯಲ್ಲ" ಅನ್ನೋ ನೆಂಟರೆಲ್ಲ ಅವತ್ತು ಅಲ್ಲಿರ್ಬೇಕಿತ್ತು. ಬೇರೆ ಬೇರೆ ವಯಸ್ಸಿನವರು ಒಟ್ಟಿಗೆ ಇರೋದೇ ನಮ್ಮ ಗ್ರೂಪುಗಳ ದೊಡ್ಡ ಬಲ, ದಯವಿಟ್ಟು ವಯಸ್ಸಿನ ಪ್ರಕಾರ ಬ್ಯಾಚ್ ಮಾಡಿ ಅದನ್ನ ಕಳ್ಕೋಬೇಡಿ.

ಗುಡಿ ಮಾತ್ರ ನೋಡ್ಬೇಡಿ. ಹತ್ರದಲ್ಲೇ ಗುಳೇದಗುಡ್ಡ ಇದೆ, ಖಣ (ರವಿಕೆ ಬಟ್ಟೆ) ನೇಯೋ ಊರು. ನೇಕಾರರನ್ನ ಮೊದ್ಲೇ ಕೇಳ್ಕೊಂಡು ಹೋಗಿ, ಕೆಲಸದ ಹೊತ್ತಲ್ಲಿ ಗುಂಪಾಗಿ ನುಗ್ಗಬಾರ್ದು. ಅಲ್ಲಿ ಮಗ್ಗದ ಮೇಲಿದ್ದ ಅಜ್ಜ ಒಬ್ರು "ಎಳಿ ಎಣಿಸಾಕ ಬರ್ತದೇನ್ ತಮ್ಮಾ?" ಅಂತ ಮಗನ್ನ ಪಕ್ಕದಲ್ಲೇ ಕೂರಿಸ್ಕೊಂಡ್ರು. ಹಾಸು, ಹೊಕ್ಕು, ಲಾಳಿ, ಎಲ್ಲ ಅವನಿಗೆ ಅಲ್ಲೇ ಗೊತ್ತಾಯ್ತು, ಗಣಿತನೂ ಅಲ್ಲೇ ಆಯ್ತು. ಅವರ ಟೈಮ್ ತಗೊಂಡ್ರೆ ಅದಕ್ಕೆ ದುಡ್ಡು ಕೊಡಿ, ಇಲ್ಲಾ ಖಣ ಕೊಂಡ್ಕೊಳ್ಳಿ, ಫೋಟೋ ತೆಗೆದು ಥ್ಯಾಂಕ್ಸ್ ಹೇಳಿ ಬರೋದು ಸರಿಯಲ್ಲ.

ಇನ್ನೊಂದು ವಿಷಯ ಹೇಳ್ಲೇಬೇಕು. ಕೇಂದ್ರದ ಪುರಾತತ್ವ ಇಲಾಖೆ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಅಲ್ಲಿ ಯಾವ ಸ್ಕೂಲು ಅಂತ ಯಾರೂ ಕೇಳಲ್ಲ. ಆದ್ರೆ ಒಂದು ವಿಜ್ಞಾನ ಕೇಂದ್ರದಲ್ಲಿ ವಿದ್ಯಾರ್ಥಿ ರಿಯಾಯಿತಿ ಕೇಳಿದ್ರೆ ಪ್ರಿನ್ಸಿಪಾಲರ ಲೆಟರ್ ತನ್ನಿ ಅಂದ್ರು. ಕಲಿಯೋಕೆ ಬಂದಿರೋ ಮಗು ಕಣ್ಣೆದುರೇ ನಿಂತಿರುವಾಗ ಲೆಟರ್‌ಹೆಡ್ ಯಾಕೆ ಬೇಕು? ಮಗುವಿನ ವಯಸ್ಸಿನ ಪುರಾವೆ ನೋಡಿ ಎಲ್ಲಾ ಮಕ್ಕಳಿಗೂ ಅದೇ ರೇಟ್ ಕೊಡಿ, ಸ್ಕೂಲಿಗೇ ಹೋಗೋಕಾಗ್ದೆ ಇರೋ ಮಕ್ಕಳಿಗೂ ಅದರಿಂದ ಅನುಕೂಲ ಆಗುತ್ತೆ. ಇದನ್ನ ನಾವೆಲ್ಲ ಸೇರಿ ಬರವಣಿಗೆಯಲ್ಲೇ ಕೇಳ್ಬೇಕು ಅಂತ ನನ್ನ ಆಸೆ.

ಹೋಗೋರಿಗೆ: ಗೋಲಗುಂಬಜ್ ಎಕ್ಸ್‌ಪ್ರೆಸ್ ಬಾದಾಮಿಯಲ್ಲೇ ನಿಲ್ಲುತ್ತೆ, ಟಿಟಿ ಬದ್ಲು ಅದರಲ್ಲೇ ಹೋಗಿ, ಖರ್ಚೂ ಕಮ್ಮಿ. ಆದ್ರೆ ಐದು ದಾಟಿದ ಮಕ್ಕಳಿಗೆ ಬರ್ತ್ ಬೇಕಂದ್ರೆ ಪೂರ್ತಿ ಚಾರ್ಜ್, ಲೆಕ್ಕ ಹಾಕುವಾಗ ನೆನಪಿರ್ಲಿ. ಗುಹೆಗಳ ಹತ್ರ ಮಂಗಗಳ ಕಾಟ ಇದೆ, ತಿಂಡಿ ಚೀಲ ಕೈಯಲ್ಲಿ ಹಿಡ್ಕೊಂಡು ಹತ್ಬೇಡಿ. ಬನಶಂಕರಿ ಜಾತ್ರೆ ಸಮಯದಲ್ಲಿ ಹೋಗೋದಾದ್ರೆ ರೂಮು ಮೊದ್ಲೇ ಮಾತಾಡಿಟ್ಕೊಳ್ಳಿ, ಆಮೇಲೆ ಸಿಗೋದು ಕಷ್ಟ.