ಹಾಡು ಬ್ಯಾಡ, ನಾದ ಸಾಕು

ಕಥಿ ಕಟ್ಟಿ ಆಡೋ ಆಟಕ್ಕ ಎಂಥಾ ಸಂಗೀತ ಹಾಕಬೇಕು ಅನ್ನೋ ನಿಮ್ಮ ಬರಹದಾಗ, ಕಾಳಗ ಮುಗಿಯೋತನಕ ಜೋರು ಸಂಗೀತ ಇರಲಿ ಅಂತ ಬರದೀರಿ ಸರ್, ಅದೊಂದು ಮಾತ್ರ ನಾ ಒಪ್ಪಂಗಿಲ್ಲ. ಕಲಬುರಗಿಯೊಳಗ ನಾವು ಐದು ಮಂದಿ ರವಿವಾರಕ್ಕೊಮ್ಮೆ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡ್ತೀವಿ; ಒಬ್ರು ಕಥಿ ನಡಸ್ತಾರ, ಉಳಿದೋರು ಅದರಾಗಿನ ಪಾತ್ರ ಆಗ್ತಾರ, ಕಥಿ ನಡಸಾಂವ ನಾನು. ದಾಳ ಒಗೆದು ಲೆಕ್ಕ ಹಾಕೋದ್ರಾಗ ಒಂದು ಕಾಳಗ ತಾಸುಗಟ್ಟಲೆ ಎಳೀತದ. ಅಷ್ಟೊತ್ತು ನಗಾರಿ ಬಡದ್ರ ತಲಿ ಹಿಡೀತದ. ಮೊದಲ ಎರಡು ನಿಮಿಷ ಹಲಗಿ, ಆಮ್ಯಾಲ ಬರೇ ತಂಬೂರಿ ಶ್ರುತಿ. ಮಾತಿದ್ದ ಹಾಡಂತೂ ಬ್ಯಾಡೇ ಬ್ಯಾಡ, ಆಟ ಬಿಟ್ಟು ಎಲ್ಲಾರೂ ಗುನುಗ್ತಾರ.

ಕಥಿಯೊಳಗ ಕೋಟಿ, ದರಬಾರು ಬಂದ್ರ ಸರೋದ್‌ನ್ಯಾಗ ದರ್ಬಾರಿ ಕಾನಡಾ ರಾಗದ ಆಲಾಪ ಹಾಕ್ರಿ. ಆ ರಾಗದ ತೂಗೋ ಗಾಂಧಾರ ಸ್ವರ ಅರ್ಧ ವರ್ಣನಾ ತಾನೇ ಮಾಡ್ತದ. ಬೀದರಿನ ಬಹಮನಿ ಕಾಲದ ಕರೇಜ್, ಅಂದ್ರ ನೆಲದೊಳಗಿನ ನೀರಿನ ಕಾಲುವಿ, ನೋಡಿ ಬಂದು ಒಂದು ಸುರಂಗದ ಕಥಿ ಕಟ್ಟಿದ್ದೆ. ಅದಕ್ಕ ನೀರು ತೊಟ್ಟಿಕ್ಕೋ ಸಪ್ಪಳ ಬಿಟ್ರ ಏನೂ ಹಾಕಲಿಲ್ಲ.

ಹಾಂ, ಸಂಗೀತ ಮೊದಲೇ ಡೌನ್‌ಲೋಡ್ ಮಾಡಿಕೋರಿ. ನಮ್ಮ ರಾಕ್ಷಸ ಬಾಯಿ ತೆರದಾಗ ಸಾಬಾಣದ ಜಾಹೀರಾತು ಬಂದಿತ್ತು.